ಹರಿಯದ ಚೈನು

ರವಿವಾರ ಬಂತೆಂದರೆ ಗೊಬ್ಬೂರಿನ ಹಣಮಂತರಾಯರ ಅಂಗಳದಲ್ಲಿ ಒಂದು ಸೇವೆ ನಡೆಯುತ್ತಿತ್ತು. ರೊಟ್ಟಿ ಬಡಿದು, ಎಮ್ಮೆಯ ಸಗಣಿ ಬಳಿದು, ಪಾತ್ರೆ ತಿಕ್ಕಿಟ್ಟು, ಹಿರಿಸೊಸೆ ವಿದ್ಯಾವತಿ ಎಣ್ಣೆಯ ಮಿಳ್ಳಿ ಹಿಡಿದು ಹೊರಗೆ ಬರುವಳು. ಮೈದುನನ ಮೋಟರ್ ಸೈಕಲ್ ಗಾಡಿಯನ್ನು ಡಬಲ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಡಗೈಯಿಂದ ಹಿಂದಿನ ಗಾಲಿ ತಿರುಗಿಸುತ್ತ, ಬಲಗೈಯಿಂದ ಚೈನಿನ ಕೊಂಡಿಕೊಂಡಿಗೂ ಕುಸುಬೆ ಎಣ್ಣೆ ಬಿಡುವಳು. ನೋಡಿದವರಿಗೆ ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದಾಳೆ ಅನ್ನಿಸಬೇಕು, ಅಷ್ಟು ಭಕ್ತಿ. ಹೊಟ್ಟೆಯೊಳಗೆ ಉರಿಯುತ್ತಿದ್ದ ಬೆಂಕಿ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

“ನೋಡ್ರಿ, ಮನಿ ಗಾಡಿ ಅಂದ್ರ ಎಷ್ಟು ಕಾಳಜಿ ಆಕೀಗಿ!” ಎಂದು ಅತ್ತೆ ಕಸ್ತೂರಿಬಾಯಿ ಕಟ್ಟೆಯ ಮೇಲೆ ಕೂತು ಗಂಡನಿಗೆ ತೋರಿಸುವಳು.

“ಹೂಂ,” ಎನ್ನುವರು ಹಣಮಂತರಾಯರು, ಪೇಪರಿನಿಂದ ತಲೆ ಎತ್ತದೆ.

ಕುಸುಬೆ ಎಣ್ಣೆಯ ವಿಚಾರ ಅತ್ತೆಯದೇ. ಚೈನಿಗೆ ವಾರಕ್ಕೊಮ್ಮೆ ಗೇರ್ ಆಯಿಲ್ ಹಾಕಬೇಕೆಂದು ಅಫಜಲಪುರದ ಮೆಕ್ಯಾನಿಕ್ ಅಜರುದ್ದೀನ ಹೇಳಿ ಕಳಿಸಿದ್ದ. ಮೈದುನ ಸಿದ್ದಲಿಂಗ ಆ ಕೆಲಸವನ್ನು ತಾನು ವೈನಿ ಎಂದು ಕರೆಯುವ ಅತ್ತಿಗೆಯ ತಲೆಗೆ ಕಟ್ಟಿದ. ಬಾಟ್ಲಿಯಲ್ಲಿದ್ದ ಆಯಿಲ್ ಮುಗಿದಾಗ ಇನ್ನೊಂದು ತರಬೇಕೆಂದ.

“ಪ್ಯಾಟಿ ಎಣ್ಣಿ ಯಾಕ ಬೇಕೋ?” ಎಂದು ಕಸ್ತೂರಿಬಾಯಿ ಗದರಿದ್ದಳು. “ಡಬ್ಬಿ ತುಂಬ ಕುಸುಬಿ ಎಣ್ಣಿ ಅದ. ತಲಿಗಿ ಹಚ್ಚತೀವಿ, ಎಮ್ಮಿ ಕೋಡಿಗಿ ಹಚ್ಚತೀವಿ, ಬಾಗಲಾ ಕಿರ್ರ್ ಅಂದ್ರ ಅದಕ್ಕೂ ಹಾಕ್ತೀವಿ. ನಿನ್ನ ಚೈನಿಗೇನು ರೋಗ?”

ರೋಗ ಏನೆಂದು ವಿದ್ಯಾವತಿಗೆ ಗೊತ್ತಿತ್ತು. ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ ಅವಳಪ್ಪ ಚಂದಪ್ಪನದು ಎಣ್ಣೆ ಗಿರಣಿ. ಆ ಗಿರಣಿಯ ಧೂಳಿನಲ್ಲೇ ಬೆಳೆದವಳು. ಶೇಂಗಾ ಎಣ್ಣೆ ಚೆಲ್ಲಿದರೆ ಒರೆಸಿದರಾಯಿತು. ಕುಸುಬೆ ಎಣ್ಣೆ ಚೆಲ್ಲಿ ನಾಲ್ಕು ದಿನ ಬಿಟ್ಟರೆ ಗೋಂದಾಗಿ ಕೂತುಬಿಡುತ್ತದೆ, ಆಮೇಲೆ ಅದನ್ನು ಕುಡುಗೋಲಿನಿಂದ ಕೆರೆಯಬೇಕು. ಸಿದ್ದಲಿಂಗನೋ, ಸ್ಟೈಲ್ ಎಂದು ಚೈನಿನ ಕವರು ಬಿಚ್ಚಿ ಅಟ್ಟಕ್ಕೆ ಎಸೆದಿದ್ದ. ಎರೆಮಣ್ಣಿನ ದಾರಿ, ಮೇಲೆ ಕುಸುಬೆ ಎಣ್ಣೆ. ‘ಬ್ಯಾಡ್ರಿ ಅತ್ತಿ’ ಎನ್ನಲು ತೆರೆದ ಬಾಯನ್ನು ವಿದ್ಯಾವತಿ ಮುಚ್ಚಿಕೊಂಡಳು. “ಆಯ್ತ್ರಿ ಅತ್ತಿ, ಅದನ್ನೇ ಹಾಕ್ತೇನಿ,” ಎಂದಳು. ಯಾಕೆ ಹಾಗೆಂದಳು ಅನ್ನುವುದಕ್ಕೆ ಎಳ್ಳ ಅಮಾವಾಸ್ಯೆಯ ದಿನಕ್ಕೆ ಹೋಗಬೇಕು.

ಅವತ್ತು ಬೆಳಿಗ್ಗೆ ಚಂದಪ್ಪನ ಫೋನು ಕಸ್ತೂರಿಬಾಯಿಯ ಮೊಬೈಲಿಗೆ ಬಂತು. ವಿದ್ಯಾವತಿಯ ಮೊಬೈಲು ಬಿದ್ದು ಒಡೆದು ಮೂಲೆ ಸೇರಿತ್ತು. “ನಿಮ್ಮವ್ವಂದು ಸರಿ ಇಲ್ಲ ಬೇ. ನಿನ್ನೇ ಕೇಳಾಕತ್ತಾಳ. ಇವತ್ತೇ ಬಾ,” ಎಂದ ಅಪ್ಪ. ಗಂಡ ಸಂಜುಕುಮಾರ ಆಳಂದದ ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ಶನಿವಾರಕ್ಕೊಮ್ಮೆ ಬರುವವನು. ಇದ್ದದ್ದು ಸಿದ್ದಲಿಂಗ, ಮತ್ತು ಗಾಡಿ. ಆ ಗಾಡಿಯಾದರೂ ಯಾರದು? ಮದುವೆಯಲ್ಲಿ ಚಂದಪ್ಪನೇ ಕೊಟ್ಟದ್ದು.

“ವೈನಿ, ಚೈನ್ ಹರದದ್ರಿ,” ಎಂದಿದ್ದ ಸಿದ್ದಲಿಂಗ ಕಾಲಿನಿಂದ ಮಣ್ಣು ಕೆದರುತ್ತ. “ಗಾಡಿ ಊರ ಹೊರಗ ನಿಂತದ. ಮಧ್ಯಾಹ್ನತನಕ ಜೋಡಿಸಿ ತರ್ತೀನಿ. ಅಷ್ಟರಾಗ ನೀವು ಅಡಗಿ ಮುಗಸ್ರಿ.”

ಹೊಲದ ಪೂಜೆ ಮಾಡಿ, ನೈವೇದ್ಯದ ಚರಗ ಚೆಲ್ಲಲು ಬೀಗರೆಲ್ಲ ಬರುವವರಿದ್ದರು. ವಿದ್ಯಾವತಿ ಕಾಳು ಕಾಯಿಪಲ್ಯ ಕೂಡಿಸಿ ಭಜ್ಜಿ ಕುದಿಸಿದಳು, ಸಜ್ಜೆ ರೊಟ್ಟಿ ಬಡಿದಳು, ಕಡಬು ಮಾಡಿದಳು. ಕಿವಿಯೆಲ್ಲ ಗಾಡಿಯ ಸಪ್ಪಳದ ಕಡೆಗೇ. ಮಧ್ಯಾಹ್ನವಾಯಿತು, ಗಾಡಿ ಬರಲಿಲ್ಲ. ಕೈಗೆ ಹತ್ತಿದ ಹಿಟ್ಟಿನೊಂದಿಗೆ ಬಸ್ಸಿಗೆ ಓಡಿದಳು. ಅಮಾವಾಸ್ಯೆ ನೋಡಿ, ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೋಗಿಬರುವ ಮಂದಿ ಬಸ್ಸಿನ ಬಾಗಿಲಿಗೆ ಜೋತುಬಿದ್ದಿದ್ದರು. ಬಸ್ಸುಗಳು ನಿಲ್ಲದೆ ಹೋದವು. ನೆಲೋಗಿ ಮುಟ್ಟುವಾಗ ಹೊತ್ತು ಮುಳುಗಿತ್ತು. ಅವ್ವನಿಗೆ ಮಣ್ಣು ಕೊಟ್ಟು ಬಂದ ಜನ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದರು.

“ನನಗ ಅವ್ವನ ಮಾರಿ ತೋರಸದೇ ಮಣ್ಣ ಕೊಟ್ರೇನಪ್ಪಾ!” ಎಂದು ಅವಳು ಅಂಗಳದಲ್ಲಿ ಕುಸಿದಳು.

“ನೀನೇ ನಾಳಿ ಬರ್ತೀನಿ ಅಂದ್ಯಂತಲ್ಲ,” ಎಂದ ಚಂದಪ್ಪ. “ನಾ ಮತ್ತ ಫೋನ್ ಮಾಡಿದ್ದೆ. ನಿಮ್ಮತ್ತಿ ಹೇಳಿದ್ರು, ಹಬ್ಬದ ಕೆಲಸ ಅದ, ನಾಳಿ ಬರ್ತಾಳ ಅಂತ. ನಿಮ್ಮವ್ವಗ ಅದನ್ನೇ ಹೇಳ್ದೆ. ಅದನ್ನ ಕೇಳೇ ಹೋದ್ಲು. ನಾಳಿತನಕ ಹೆಣ ಇಡಾಕ ಬರ್ತದೇನು?”

“ನಾ ಹಂಗ ಅಂದೇ ಇಲ್ಲಪ್ಪ! ಗಾಡಿ ಚೈನ್ ಹರದಿತ್ತು!”

“ಒಬ್ಬರು ಹಬ್ಬ ಅಂತೀರಿ, ಒಬ್ಬರು ಚೈನ್ ಅಂತೀರಿ,” ಎಂದು ಚಂದಪ್ಪ ಮುಖ ತಿರುಗಿಸಿದ. ಅಷ್ಟೇ, ಅವತ್ತಿನಿಂದ ಮಗಳ ಜೊತೆ ಮಾತು ಬಿಟ್ಟ. ದಿನಕರ್ಮ ಮುಗಿಸಿ ಹೊರಟಾಗಲೂ ಬಾಗಿಲತನಕ ಬರಲಿಲ್ಲ.

ಗೊಬ್ಬೂರಿಗೆ ಬಂದ ದಿನ ಕಸ್ತೂರಿಬಾಯಿ ಸೊಸೆಯ ಕೈಗೆ ಕೊಬ್ಬರಿ, ಕುಂಕುಮ ಇಟ್ಟಳು. “ತಗೋ, ಭಾಗ್ಯವಂತಿ ಪ್ರಸಾದ. ಅಮಾಸಿ ದಿನ ಸಿದ್ದು ತಂದಾನ.”

ವಿದ್ಯಾವತಿಯ ಕೈ ಹಾಗೇ ನಿಂತಿತು. “ಅಮಾಸಿ ದಿನ? ಚೈನ್ ಹರದಿತ್ತಲ್ಲ, ಘತ್ತರಗಿಗಿ ಹೆಂಗ ಹೋದ?”

ಕಸ್ತೂರಿಬಾಯಿ ಮಗನ ಮುಖ ನೋಡಿದಳು. “ದೋಸ್ತನ ಗಾಡಿ ಮ್ಯಾಲ ಹೋಗಿದ್ದೆ ವೈನಿ,” ಎಂದ ಸಿದ್ದಲಿಂಗ. “ಚೈನ್ ಹರದಿದ್ದು ಖರೆ. ಸಂಜಿಗಿ ಜೋಡಿಸಿ ತಂದೀನಿ. ಭಾಗ್ಯವಂತಿ ಆಣಿ!”

“ಮತ್ತ ಅತ್ತಿ, ನಾ ನಾಳಿ ಬರ್ತೀನಿ ಅಂತ ಅಪ್ಪಗ ಯಾಕ ಹೇಳಿದ್ರಿ?”

“ನಾ ಎಲ್ಲಿ ಹಂಗಂದೆ? ಚೈನ್ ಆಗಲಿಲ್ಲಂದ್ರ ನಾಳಿ ಬರ್ತಾಳ ಅಂದೆ. ಮುದುಕಗ ಬರೋಬರಿ ಕೇಳಸಿಲ್ಲ.”

ಆಯಿತಲ್ಲ! ಎಲ್ಲ ಸುಳ್ಳೂ ಆ ಒಂದು ಚೈನಿಗೆ ನೇತುಬಿದ್ದಿತ್ತು. ಚೈನು ಹರಿದಿದ್ದರೆ ಅತ್ತೆಯೂ ಸಾಚಾ, ಮೈದುನನೂ ಸಾಚಾ, ಅಪ್ಪನೇ ಕಿವುಡ. ಹರಿದಿಲ್ಲ ಎಂದು ವಿದ್ಯಾವತಿಯ ಹೊಟ್ಟೆಗೆ ಗೊತ್ತು, ಬಾಯಿಗೆ ಸಾಕ್ಷಿ ಇಲ್ಲ. ಶನಿವಾರ ಬಂದ ಗಂಡನ ಮುಂದೆ ಹೇಳಿಕೊಂಡಳು. “ಆದದ್ದು ಆಯ್ತು, ಹೋದೋರು ತಿರುಗಿ ಬರ್ತಾರೇನು? ಬಿಡು,” ಎಂದು ಸಂಜುಕುಮಾರ ಇನ್ನೊಂದು ರೊಟ್ಟಿ ಕೇಳಿದ. ಅವಳು ರೊಟ್ಟಿ ಹಾಕಿದಳು, ಬಿಡಲಿಲ್ಲ. ಹರಿದಿದೆ ಅಂತೀರಲ್ಲ, ಹಾಗಾದರೆ ಹರಿಯಲಿ. ನಿಮಗೆ ಅವಸರ ಇದ್ದ ದಿನವೇ ನಡುದಾರಿಯಲ್ಲಿ ಹರಿಯಲಿ ಎಂದುಕೊಂಡಳು. ಅದಕ್ಕೇ ಕುಸುಬೆ ಎಣ್ಣೆ.

ವಾರ ವಾರ ಎಣ್ಣೆ ಬಿತ್ತು. ಅದರ ಮೇಲೆ ಧೂಳು ಕೂತು, ಧೂಳಿನ ಮೇಲೆ ಎಣ್ಣೆ ಕೂತು, ಚೈನು ಕರ್ರಗೆ ದಪ್ಪಗಾಯಿತು. ಕೆಲವು ಕೊಂಡಿಗಳು ಮಣಿಯುವುದನ್ನೇ ಬಿಟ್ಟು ಸೆಟೆದು ನಿಂತವು. ಸಿದ್ದಲಿಂಗ ದಿನಾ ಅಫಜಲಪುರದ ಡೇರಿಗೆ ಎರಡು ಕ್ಯಾನು ಹಾಲು ಒಯ್ಯುತ್ತಿದ್ದ. ಭಾರ ಹೇರಿ ಏರು ಹತ್ತಿದರೆ ಗಾಡಿ ಕಟಕಟ ಅನ್ನುವುದು, ಜಗ್ಗುವುದು. ಮಾಘ ಮಾಸದಲ್ಲಿ ಎರಡು ಸಲ ಚೈನು ಹಲ್ಲು ಬಿಟ್ಟು ಕಳಚಿಬಿತ್ತು. ಬಿಸಿಲಿಗೆ ಹಾಲು ಒಡೆಯಿತು. ಕೈತುಂಬ ಮಸಿ ಮಾಡಿಕೊಂಡು ಒಡೆದ ಹಾಲಿನ ಕ್ಯಾನು ಅಂಗಳದಲ್ಲಿ ಕುಕ್ಕಿದ ಮೈದುನನನ್ನು ನೋಡಿ ವಿದ್ಯಾವತಿಗೆ ಅವತ್ತು ಊಟ ರುಚಿಸಿತು.

“ಎಣ್ಣಿ ಡಬ್ಬಿ ಯಾಕ ಇಷ್ಟು ಜಲ್ದಿ ಖಾಲಿ ಆಗ್ಯಾದ?” ಎಂದು ಕಸ್ತೂರಿಬಾಯಿ ಒಂದು ದಿನ ಒಲೆಯ ಮುಂದೆ ಕೇಳಿದಳು.

“ನಿಮ್ಮ ಮಗನ ಚೈನು ಕುಡದದ್ರಿ ಅತ್ತಿ. ನೀವೇ ಹೇಳೀರಲ್ಲ.”

“ಹಂಗಂತ ಸುರೀಬೇಕೇನು?”

“ಕಡಿಮಿ ಹಾಕಿದ್ರ ಮತ್ತ ಹರದ್ರ? ನನ್ನಂಗ ಯಾರಿಗರೆ ಅಡಚಣಿ ಆದ್ರ?”

ಕಸ್ತೂರಿಬಾಯಿ ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದಳು.

ಅಜರುದ್ದೀನ ಗಾಡಿ ನೋಡಿ ಚೈನು, ಎರಡೂ ಹಲ್ಲಿನ ಚಕ್ರ ಎಲ್ಲ ಬದಲಿಸಬೇಕು ಎಂದ. ಸಿದ್ದಲಿಂಗ ಮನೆಗೆ ಬಂದು ಊಟದ ತಾಟಿನ ಮುಂದೆ ಹಾರಾಡಿದ. “ನಿಮ್ಮಪ್ಪ ಕೊಟ್ಟ ಗಾಡಿನೇ ಸುಮಾರ ಅದ ವೈನಿ. ನಾ ಇದನ್ನ ಮಾರಿ ಹೊಸಾದು ತಗೋತೀನಿ.”

“ನಮ್ಮಪ್ಪನ ಹೆಸರ ಯಾಕ ತಗೋತಿ? ಗಾಡಿ ಕೊಟ್ಟಾಗ ಹೊಸಾದಿತ್ತು.”

“ಆಕೀದೇನು ಕೇಳ್ತಿ, ಮಾರು,” ಎಂದಳು ಕಸ್ತೂರಿಬಾಯಿ. ಮಾವ ಹಣಮಂತರಾಯರು ಪುಂಡಿ ಪಲ್ಯ ಕಲಸುತ್ತ, “ಗಿರಾಕಿ ಬಂದ್ರ ನೋಡೋಣು,” ಎಂದರು. ತಾನು ಹುಟ್ಟಿದ ಮನೆಯಿಂದ ಬಂದ ಗಾಡಿ, ತನ್ನನ್ನು ಒಂದು ಮಾತು ಕೇಳಲಿಲ್ಲ! ವಿದ್ಯಾವತಿ ಖಾರದ ಹಿಂಡಿಯ ಬಟ್ಟಲನ್ನು ಮೈದುನನ ಮುಂದೆ ಸಪ್ಪಳಾಗುವಂತೆ ಇಟ್ಟು ಒಳಗೆ ಹೋದಳು.

ಗಿರಾಕಿ ಬಂದ. ಜೇವರ್ಗಿಯಲ್ಲಿ ಕಿರಾಣಿ ಅಂಗಡಿ ಇಟ್ಟ ಮಾಳಿಂಗ ಎಂಬವನು, ಸಾಮಾನು ಹೇರಲು ಗಾಡಿ ಬೇಕಾಗಿತ್ತು. ಅವನು ಬರುವ ಮುನ್ನಾದಿನ ಸಿದ್ದಲಿಂಗ ಡೀಸೆಲ್ಲಿನಿಂದ ಚೈನು ತಿಕ್ಕಿ ತಿಕ್ಕಿ ತೊಳೆದು, ಗೇರ್ ಆಯಿಲ್ ಬಿಟ್ಟು ಮಿರಮಿರ ಮಿಂಚಿಸಿದ್ದ. ಹಣಮಂತರಾಯರು ಕಟ್ಟೆಯ ಮೇಲೆ, ಕಸ್ತೂರಿಬಾಯಿ ಬಾಗಿಲಲ್ಲಿ. ರವಿವಾರವಾದ್ದರಿಂದ ಸಂಜುಕುಮಾರನೂ ಇದ್ದ. ವಿದ್ಯಾವತಿ ಚಹಾದ ತಾಟು ಹಿಡಿದು ಬಂದಳು.

ಮಾಳಿಂಗ ಚೈನಿಗೆ ಬೆರಳು ಹಾಕಿ ಎತ್ತಿ ನೋಡಿದ. “ಭಾಳ ಸಡ್ಲ ಅದಲ್ರಿ. ಮೊದಲು ಎಂದರ ಹರದಿತ್ತೇನು? ಹರದು ಜೋಡಿಸಿದ್ದು ಇದ್ರ ನನಗ ಬ್ಯಾಡ. ಲೋಡ್ ಹಾಕೋರು ನಾವು.”

“ಛೇ ಛೇ!” ಎಂದ ಸಿದ್ದಲಿಂಗ. “ಏನ್ ಮಾತಾಡ್ತೀರಿ! ಕಂಪನಿ ಚೈನ್ ರೀ ಇದು. ತಗೊಂಡಾಗಿಂದ ಒಂದು ದಿನ ಹರದಿಲ್ಲ. ಬೇಕಾದ್ರ ನೋಡ್ರಿ, ಚೈನ್ ಕೂಡಸೋ ಲಾಕ್ ಒಂದೇ ಅದ, ಅದೂ ಕಂಪನಿದು. ಹರದು ಜೋಡಿಸಿದ್ರ ಇನ್ನೊಂದು ಲಾಕ್ ಇರ್ತಿತ್ತೋ ಇಲ್ಲೋ? ಭಾಗ್ಯವಂತಿ ಆಣಿ ರೀ!”

ವಿದ್ಯಾವತಿ ಚಹಾದ ತಾಟನ್ನು ಗಾಡಿಯ ಸೀಟಿನ ಮೇಲೇ ಇಟ್ಟಳು.

“ಸಿದ್ದು, ಏನಂದಿ?”

ಸಿದ್ದಲಿಂಗ ಚೈನಿನಿಂದ ಕೈ ತೆಗೆದ.

“ಒಂದು ದಿನನೂ ಹರದಿಲ್ಲ ಅಂದಿ. ಎಳ್ಳ ಅಮಾಸಿ ದಿನ ಹರದಿದ್ದು ಏನು ಮತ್ತ? ಈ ಅಣ್ಣಾರ ಮುಂದ ಹೇಳು. ಹರದಿತ್ತಂದ್ರ ಇವರಿಗಿ ಸುಳ್ಳ ಹೇಳಿದಿ. ಹರದಿಲ್ಲಂದ್ರ ನನಗ ಸುಳ್ಳ ಹೇಳಿದಿ. ಎರಡರಾಗ ಯಾವುದು?”

“ಒಳಗ ನಡಿ ವಿದ್ಯಾ,” ಎಂದ ಸಂಜುಕುಮಾರ.

“ನೀವು ಸುಮ್ಮನ ಕೂಡ್ರಿ! ನಮ್ಮವ್ವ ನನ್ನ ಹಾದಿ ಕಾದು ಕಾದು ಸತ್ತಾಳ. ಸಿದ್ದು, ಯಾವುದು?”

“ಹರದಿದ್ದಿಲ್ಲ,” ಎಂದ ಸಿದ್ದಲಿಂಗ, ಗಾಡಿಯ ಹ್ಯಾಂಡಲ್ಲಿಗೆ ಹೇಳುವವನ ಹಾಗೆ.

ಮಾಳಿಂಗ ಚಪ್ಪಲಿ ಹುಡುಕಿಕೊಂಡ. “ಮನಿ ಮಾತು ಮುಗಸ್ಕೋರಿ ಯಜಮಾನ್ರ, ಇನ್ನೊಂದ್ಸಲ ಬರ್ತೀನಿ,” ಎಂದು ಹೋದವನು ಹೋದನೇ.

ಅವನ ಬೆನ್ನು ಮರೆಯಾಗುವುದೇ ತಡ, ಕಸ್ತೂರಿಬಾಯಿ ಸೊಸೆಯ ಮೇಲೆ ಏರಿಬಂದಳು. “ಪರ ಊರಾವ್ನ ಮುಂದ ಮನಿ ಮಾನ ಕಳದೆಲ್ಲ ಬೇ! ಹೌದು, ಚೈನ್ ಹರದದ ಅಂತ ಹೇಳು ಅಂದಾಕಿ ನಾನೇ. ಏನೀಗ? ಬೀಗರು ಬರೋರಿದ್ರು. ಭಜ್ಜಿ ಯಾರು ಮಾಡಬೇಕಿತ್ತು, ಕಡಬು ಯಾರು ಮಾಡಬೇಕಿತ್ತು? ನಿಮ್ಮವ್ವ ಅವತ್ತೇ ಸಾಯ್ತಾಳಂತ ನನಗ ಕನಸು ಬಿದ್ದಿತ್ತೇನು?”

“ನಾ ಮಾಡಿದ ಭಜ್ಜಿ ಹೆಂಗಾಗಿತ್ರಿ ಅತ್ತಿ?” ಎಂದಳು ವಿದ್ಯಾವತಿ. “ಬೀಗರು ಎರಡೆರಡು ಸಲ ಹಾಕಿಸ್ಕೊಂಡು ತಿಂದ್ರೇನು?”

ಹಣಮಂತರಾಯರ ಪೇಪರು ತೊಡೆಯಿಂದ ಜಾರಿ ಬಿತ್ತು. ಅವರಿಗೂ ಇದು ಹೊಸ ಸುದ್ದಿಯೇ.

“ಕೇಳ್ರಿ ಎಲ್ಲಾರೂ. ನನ್ನ ಮುಂದ ಒಪ್ಪಿದ್ರ ಸಾಲೂದಿಲ್ಲ. ಸಿದ್ದು ನೆಲೋಗಿಗಿ ಬಂದು ನಮ್ಮಪ್ಪನ ಮುಂದ ಹೇಳಬೇಕು. ಅಲ್ಲಿತನಕ ನನ್ನ ಕೈಲಿಂದ ಈ ಮನ್ಯಾಗ ಒಂದು ರೊಟ್ಟಿ ಹುಟ್ಟೂದಿಲ್ಲ.”

“ಹೆದರಸ್ತಿಯೇನು? ನಾ ಬಡೀತೀನಿ ರೊಟ್ಟಿ,” ಎಂದಳು ಕಸ್ತೂರಿಬಾಯಿ.

ಬಡಿದಳು. ಮೊದಲ ದಿನ ಅಂಚು ಹರಿದವು, ಎರಡನೆಯ ದಿನ ಸೀದವು, ಮೂರನೆಯ ದಿನ ಮಣಿಕಟ್ಟು ಬಾತು ಎಣ್ಣೆ ಹಚ್ಚಿಕೊಂಡು ಕೂತಳು. ಸಿದ್ದಲಿಂಗ ಅನ್ನ ಬೇಯಿಸಲು ಹೋಗಿ ಗಂಜಿ ಮಾಡಿದ. ವಿದ್ಯಾವತಿ ಎಮ್ಮೆ ಹಿಂಡಿದಳು, ಕಸ ಗುಡಿಸಿದಳು, ನೀರು ತಂದಳು. ಒಲೆಯ ಕಡೆ ಮಾತ್ರ ಕಾಲಿಡಲಿಲ್ಲ. ಅಂಗಡಿಯ ಚುರುಮುರಿ ತಿಂದು ಮಲಗುವಳು. ಶನಿವಾರ ಬಂದ ಸಂಜುಕುಮಾರ ಗಂಜಿಯ ತಾಟು ನೋಡಿ ಹೆಂಡತಿಯ ಬಳಿ ಬಂದ.

“ನಾನೇ ಹೋಗಿ ಮಾವಗ ಹೇಳ್ತೀನಿ. ಅವ ಸಣ್ಣಾವ, ಬಿಡು.”

“ಸುಳ್ಳ ಹೇಳಿದ ಬಾಯೇ ಖರೆ ಹೇಳಬೇಕು. ಅವತ್ತ ಬಿಡು ಅಂದ್ರಿ, ಇವತ್ತೂ ಬಿಡು ಅಂತೀರಿ. ನಿಮ್ಮವ್ವ ಹಾಸಿಗಿ ಹಿಡದಾಗ ನಾ ಬಿಡ್ರಿ ಅಂದ್ರ ನಡೀತದೇನು?”

ಸಂಜುಕುಮಾರ ಅಂಗಳಕ್ಕೆ ಹೋಗಿ ತಮ್ಮನಿಗೆ ಏನೋ ಅಂದ. ಸಿದ್ದಲಿಂಗ ಒಂದಕ್ಕೆ ಎರಡು ಮಾತಾಡಿದ. ಕೊನೆಗೆ ಹಣಮಂತರಾಯರು ಗಂಟಲು ಸರಿಪಡಿಸಿಕೊಂಡರು.

“ನಾಳಿ ಹೋಗಿ ಬಾ ಸಿದ್ದು. ನಮ್ಮ ಮನಿ ಗಂಡ್ಸೂರು ಸುಳ್ಳ ಹೇಳಿ ಹೆಂಗಸೂರ ಸೀರಿ ಹಿಂದ ಅಡಗ್ತಾರ ಅನ್ನೋದು ಬ್ಯಾಡ.”

ಮರುದಿನ ವೈನಿ ಮೈದುನ ಅದೇ ಗಾಡಿಯ ಮೇಲೆ ಹೊರಟರು. ಅಫಜಲಪುರ ಬರುವಷ್ಟರಲ್ಲಿ ಚೈನು ಎರಡು ಸಲ ಹಾರಿತು. ಮುಂದೆ ಈ ಚೈನಿನ ಮೇಲೆ ಹೋಗುವುದು ಆಗದ ಮಾತು ಎಂದ ಅಜರುದ್ದೀನ, ಹಿಂದಿನ ಗಾಲಿ ಬಿಚ್ಚಿದ. ಹಳೆಯ ಚಕ್ರದ ಹಲ್ಲುಗಳು ಸವೆದು ಕೊಕ್ಕೆಯಾಗಿದ್ದವು. ಹೊಸ ಚಕ್ರ ಕೂರಿಸಿ, ಹೊಸ ಚೈನು ಸುತ್ತಿ, ಲಾಕಿನ ಬೆನ್ನು ಚೈನು ಓಡುವ ದಿಕ್ಕಿಗೆ ಬರುವಂತೆ ಒತ್ತಿ ಹಾಕಿದ. ಎರಡು ಬೆರಳಿನಷ್ಟು ಆಟ ಬಿಟ್ಟು ಗಾಲಿ ಬಿಗಿದ. ಹಳೆಯದನ್ನು ಮೂಲೆಗೆ ಎಸೆದಾಗ ಅದರ ಸಂದಿಗಳಲ್ಲಿ ಇನ್ನೂ ಹಳದಿ ಗೋಂದು ಕಂಡಿತು.

“ಇದು ಯಾತರ ಎಣ್ಣಿ ರೀ?” ಎಂದ ಅಜರುದ್ದೀನ.

“ಕುಸುಬಿದು,” ಎಂದಳು ವಿದ್ಯಾವತಿ. ಗಾಡಿ ಹತ್ತುವ ಮುಂಚೆ ಮೈದುನನಿಗೆ ತಾನಾಗಿಯೇ ಹೇಳಿದಳು. “ಅದು ಗೋಂದಾಗ್ತದಂತ ನನಗ ಮೊದಲೇ ಗೊತ್ತಿತ್ತು ಸಿದ್ದು. ಬೇಕಂತಲೇ ಹಾಕೀನಿ.”

ಸಿದ್ದಲಿಂಗ ಬೆಚ್ಚಿಬಿದ್ದ. “ಯಾಕ್ರಿ ವೈನಿ?”

“ನಿನ್ನ ಮಾತು ಖರೆ ಮಾಡಾಕ.”

“ನಡುದಾರ್ಯಾಗ ಗಾಲಿ ಸಿಕ್ಕಿ ಬಿದ್ದು ನಾ ಸತ್ತಿದ್ರ?”

“ಅದು ನನಗ ಹೊಳೀಲೇ ಇಲ್ಲ ಅಂದ್ರ ಸುಳ್ಳ ಆಗ್ತದ,” ಎಂದಳು. “ನಡಿ, ಹೊತ್ತಾಗ್ತದ.”

ಆಮೇಲೆ ನೆಲೋಗಿತನಕ ಹೊಸ ಚೈನಿನ ಗಾಡಿ ಸಪ್ಪಳಿಲ್ಲದೆ ಓಡಿತು.

ಚಂದಪ್ಪ ಗಿರಣಿಯ ಮುಂದೆ ಹೊರಸಿನ ಮೇಲೆ ಕೂತಿದ್ದ. ಮಗಳನ್ನು ನೋಡಿದ, ಏಳಲಿಲ್ಲ, ಬಾ ಎನ್ನಲಿಲ್ಲ. ಗಡ್ಡ ಬೆಳೆದು ಮುಖ ಸಣ್ಣದಾಗಿತ್ತು. ಸಿದ್ದಲಿಂಗ ಅವನ ಕಾಲು ಮುಟ್ಟಿ, ನೆಲ ನೋಡುತ್ತ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಚೈನು ಹರಿದಿರಲಿಲ್ಲ, ಅವ್ವ ಹೇಳಿಸಿದ್ದು, ತಾನು ದೋಸ್ತರ ಜೊತೆ ಘತ್ತರಗಿಗೆ ಹೋಗಿದ್ದು, ವೈನಿ ನಾಳೆ ಬರುತ್ತೇನೆ ಎಂದಿರಲೇ ಇಲ್ಲ, ಬೆಳಿಗ್ಗೆಯಿಂದ ಹೊರಡಲು ಒದ್ದಾಡಿದ್ದು.

ಚಂದಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ, ತುಂಬ ಹೊತ್ತು ಒರೆಸಿಕೊಂಡ.

“ನಾ ಬದುಕೀನಿ, ಯಾವಾಗ ಹೇಳಿದ್ರೂ ಕೇಳ್ತೀನಿ. ಆಕಿ ತಪ್ಪು ತಿಳ್ಕೊಂಡು ಹೋಗ್ಯಾಳ. ನಡಿ, ಆಕೀಗಿ ಹೇಳು.”

“ಮಾವ, ತಪ್ಪಾಯ್ತಂದೆನಲ್ರಿ…”

“ನಡೀಲೇ!”

ಹೊಲದ ಬದುವಿನ ಪಕ್ಕ ಮಣ್ಣಿನ ಗುಡ್ಡೆ, ಮೇಲೆ ಒಣಗಿದ ಬಿಲ್ವಪತ್ರೆ. ಅತ್ತಕಡೆ ಜೋಳ ಕೊಯ್ಯುವ ಹೆಣ್ಣುಮಕ್ಕಳು ಸಾಲಾಗಿ ಬಗ್ಗಿದ್ದರು. ಸಿದ್ದಲಿಂಗ ಕೈಮುಗಿದು ನಿಂತು, ತುಟಿಯಲ್ಲೇ ಏನೋ ಗೊಣಗಿದ.

“ಹಂಗಂದ್ರ ಕೇಳಸೂದಿಲ್ಲ,” ಎಂದ ಚಂದಪ್ಪ. “ಆಕೀಗಿ ಕಿವಿ ಮಂದ ಇದ್ವು. ಜೋರಾಗಿ ಹೇಳು.”

“ಚೈನ್ ಹರದಿದ್ದಿಲ್ರಿ…”

“ಇನ್ನೂ ಜೋರಾಗಿ.”

“ಚೈನ್ ಹರದಿದ್ದಿಲ್ರಿ! ನಾ ಸುಳ್ಳ ಹೇಳೀನಿ! ವೈನಿ ಬರೋರಿದ್ರು, ನಾವೇ ಬಿಡಲಿಲ್ಲ!” ಎಂದು ಸಿದ್ದಲಿಂಗ ಕೂಗಿದ. ಜೋಳ ಕೊಯ್ಯುವವರು ಕುಡುಗೋಲು ಹಿಡಿದುಕೊಂಡೇ ನಿಂತು ಇತ್ತ ತಿರುಗಿದರು. ಅವನ ಕಿವಿ, ಕತ್ತು ಎಲ್ಲ ಕೆಂಪಾಗಿದ್ದವು.

ಚಂದಪ್ಪ ಮಗಳ ಕಡೆ ತಿರುಗಿದ. ಅಮಾವಾಸ್ಯೆಯಿಂದ ಈಚೆಗೆ ಅವಳ ಜೊತೆ ಅವನು ಆಡಿದ ಮೊದಲ ಮಾತು ಅದು. “ಏನವಾ, ನಿಮ್ಮವ್ವಗ ಕೇಳಸ್ತೇನು?”

ವಿದ್ಯಾವತಿ ಗುಡ್ಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮಣ್ಣಿನ ಮೇಲೆ ಅಂಗೈ ಇಟ್ಟಳು. ಮೈದುನ ಅವಳನ್ನೇ ನೋಡುತ್ತಿದ್ದ, ಸಾಕೆನ್ನಿ ವೈನಿ ಎಂಬಂತೆ. ಅವಳು ಅವನ ಕಣ್ಣಿಗೆ ಕಣ್ಣು ಕೊಟ್ಟಳು.

“ಇಲ್ಲಪ್ಪ,” ಎಂದಳು. “ಇನ್ನೂ ಕೇಳಸಿಲ್ಲ.”

ಸಿದ್ದಲಿಂಗ ಮತ್ತೆ ಬಾಯಿ ತೆರೆದ.